ಹೊಳೆಕಲ್ಲು ಇಟ್ಟ ಮೇಲೆ ಅಕ್ವೇರಿಯಂ ಕೆಟ್ಟರೆ: ದೋಷ ಹುಡುಕುವ ಕ್ರಮ

ಹೊಳೆ, ಗುಡ್ಡ, ತೋಟದಿಂದ ತಂದ ಕಲ್ಲನ್ನು ಸಿಹಿನೀರಿನ ಟ್ಯಾಂಕಿಗೆ ಇಳಿಸಿದ ಮೇಲೆ ಎಡವಟ್ಟಾದರೆ ಮೊದಲು ನೋಡಬೇಕಾದ್ದು ಸಮಯ. ತೊಂದರೆ ಗಂಟೆಗಳಲ್ಲಿ ಬಂದರೆ ಕಲ್ಲಿನ ಮೇಲೆ ಅಂಟಿಕೊಂಡಿದ್ದ ಏನೋ ಒಂದು ಕಾರಣ. ಎರಡು ಮೂರು ದಿನಕ್ಕೆ ಬಂದರೆ ಅಮೋನಿಯಾ ಅಥವಾ ತಾಮ್ರವನ್ನು ಶಂಕಿಸಿ. ವಾರಗಟ್ಟಲೆ ಮೆಲ್ಲಗೆ ಬಂದರೆ ಕಲ್ಲೇ ಕರಗುತ್ತಿದೆ. ತಿಂಗಳುಗಳಾದ ಮೇಲೆ ಬರುವ ತೊಂದರೆಗಳಿಗೆ ಹೆಚ್ಚಾಗಿ ಕಲ್ಲನ್ನು ಕೂರಿಸಿದ ರೀತಿಯೇ ಕಾರಣ.

ಕಲ್ಲನ್ನು ಹೊರತೆಗೆದ ತಕ್ಷಣ ನಲ್ಲಿ ಕೆಳಗೆ ಹಿಡಿದು ತಿಕ್ಕಬೇಡಿ. ತೊಳೆದರೆ ಸಾಕ್ಷಿ ಹೋಯಿತು. ಹಾಗೇ ಒಂದು ಬಕೆಟ್‌ನಲ್ಲಿ ಇಟ್ಟು, ಟ್ಯಾಂಕ್ ನೀರಿನ ಅಮೋನಿಯಾ, ನೈಟ್ರೈಟ್, ಪಿಎಚ್, ಕೆಎಚ್ (ಕಾರ್ಬೊನೇಟ್ ಗಡಸುತನ), ಜಿಎಚ್ (ಒಟ್ಟು ಗಡಸುತನ), ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಅಳೆದು ಬರೆದಿಡಿ. ನೀವು ಟ್ಯಾಂಕಿಗೆ ತುಂಬುವ ನೀರನ್ನೂ ಅಳೆಯಬೇಕು, ಆದರೆ ಹಿಡಿದ ತಕ್ಷಣ ಅಲ್ಲ: 24 ಗಂಟೆ ತೆರೆದ ಪಾತ್ರೆಯಲ್ಲಿಟ್ಟು, ಏರ್ ಪಂಪ್ ಇದ್ದರೆ ಗಾಳಿ ಬಿಟ್ಟು, ಆಮೇಲೆ. ಬೋರ್‌ವೆಲ್ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ತುಂಬಾ ಇರುತ್ತದೆ. ಮೇಲೆ ಬಂದಾಗ ಪಿಎಚ್ 7ರ ಆಸುಪಾಸು ತೋರಿಸುವ ನೀರು, ಗಾಳಿ ಆಡಿ ಅನಿಲ ಹೊರಟುಹೋದ ಮೇಲೆ 8ಕ್ಕೆ ಏರುವುದು ಮಾಮೂಲು. ಈ ಒಂದು ಹೆಜ್ಜೆ ಬಿಟ್ಟು, ಪಿಎಚ್ ಏರಿದ್ದು ಕಲ್ಲಿನಿಂದಲೇ ಎಂದುಕೊಂಡು ಅದೆಷ್ಟೋ ಒಳ್ಳೆಯ ಗ್ರಾನೈಟ್ ಕಲ್ಲುಗಳನ್ನು ಜನ ಸುಮ್ಮನೆ ಎಸೆದಿದ್ದಾರೆ.

ಗಂಟೆಗಳೊಳಗೆ ಮೀನು ಒದ್ದಾಡಿದರೆ

ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುವುದು, ಹುಚ್ಚು ಹಿಡಿದಂತೆ ಓಡುವುದು, ಮೈಮೇಲೆ ಲೋಳೆ ಕಟ್ಟುವುದು ಕಂಡರೆ ಕಾರಣ ಹುಡುಕುತ್ತಾ ಕೂರಬೇಡಿ. ಕ್ಲೋರಿನ್ ತೆಗೆದ, ಅದೇ ಬಿಸುಪಿನ ನೀರಿನಿಂದ ಅರ್ಧದಷ್ಟು ಬದಲಿಸಿ, ಏರ್ ಪಂಪ್ ಜೋರಾಗಿ ಬಿಡಿ. ವಿಚಾರಣೆ ಆಮೇಲೆ.

ಪಿಎಚ್ ಒಮ್ಮೆಗೇ 9 ದಾಟಿದ್ದರೆ ಸಿಮೆಂಟ್. ಕಟ್ಟಡದ ಹತ್ತಿರ ಬಿದ್ದಿರುವ ಕಲ್ಲು ನೋಡಲು ಚೆನ್ನಾಗಿರುತ್ತದೆ, ಹಿಂಭಾಗದಲ್ಲಿ ಬೂದು ಬಣ್ಣದ ತೆಳು ಪದರ ಅಂಟಿಕೊಂಡಿರುತ್ತದೆ. ಒಣಗಿ ಗಟ್ಟಿಯಾದ ಸಿಮೆಂಟ್ ಕೂಡ ನೀರಿಗೆ ಸುಣ್ಣ ಬಿಡುತ್ತಲೇ ಇರುತ್ತದೆ. ಪಿಎಚ್ ಏರಿದಾಗ ಅದುವರೆಗೆ ತೊಂದರೆ ಕೊಡದೆ ಇದ್ದ ಅಮೋನಿಯಾ ವಿಷವಾಗುತ್ತದೆ: 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇ. 0.6ರಷ್ಟು ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಅದು ಶೇ. 5ಕ್ಕಿಂತ ಹೆಚ್ಚು, 9ಕ್ಕೆ ಶೇ. 36ರ ಹತ್ತಿರ. ಉಳಿಯಿಂದ ಪೂರ್ತಿ ಕೆತ್ತಿ ತೆಗೆಯಲು ಆಗದಿದ್ದರೆ ಆ ಕಲ್ಲು ಹೂಕುಂಡಕ್ಕೆ ಸರಿ.

ಪಿಎಚ್‌ನಲ್ಲಿ ವ್ಯತ್ಯಾಸವಿಲ್ಲ, ಅಮೋನಿಯಾವೂ ಇಲ್ಲ, ಆದರೂ ಕಿವಿರು ಕೆಂಪಾಗಿ ಉರಿದಂತೆ ಇದ್ದರೆ ಬ್ಲೀಚ್ ಉಳಿದಿದೆ. ಇದು ಗಟ್ಟಿ ಕಲ್ಲಿಗಿಂತ ರಂಧ್ರಗಳಿರುವ ಕಲ್ಲಿನಲ್ಲಿ ಆಗುವುದು ಹೆಚ್ಚು. ಕರಾವಳಿಯ ಮುರಕಲ್ಲು (ಮಲೆನಾಡಿನವರ ಜಂಬಿಟ್ಟಿಗೆ), ಬಾದಾಮಿ ಕಡೆಯ ಮರಳುಗಲ್ಲು ಬ್ಲೀಚನ್ನು ಒಳಗೆ ಹೀರಿಕೊಂಡು ದಿನಗಟ್ಟಲೆ ಬಿಡುತ್ತವೆ. ಇವಕ್ಕೆ ಬ್ಲೀಚ್ ಮುಟ್ಟಿಸಲೇಬಾರದು. ಗ್ರಾನೈಟ್, ಬೆಣಚುಕಲ್ಲಿನಂಥ ಗಟ್ಟಿ ಕಲ್ಲಿಗಾದರೆ ವಾಸನೆ, ಸೋಪು ಬೆರೆಸದ ಶೇ. 5ರ ಬ್ಲೀಚ್ ಒಂದು ಪಾಲಿಗೆ 20 ಪಾಲು ನೀರು, 15 ನಿಮಿಷ ಸಾಕು. ಆಮೇಲೆ ಚೆನ್ನಾಗಿ ತೊಳೆದು, 10 ಲೀಟರ್ ನೀರಿಗೆ ಸುಮಾರು 1 ಗ್ರಾಂ ಹೈಪೊ ಹರಳು (ಮೀನಿನ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಕೊಡುವುದು ಹೆಚ್ಚಾಗಿ ಇದನ್ನೇ) ಕರಗಿಸಿ ಒಂದು ರಾತ್ರಿ ನೆನೆಸಿ. ಮೂಗಿಗೆ ಹಿಡಿದಾಗ ಚೂರೂ ಬ್ಲೀಚ್ ವಾಸನೆ ಬರಬಾರದು.

ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ ಕಂಡರೆ ಕಲ್ಲು ಎಲ್ಲಿಂದ ಬಂತು ಎಂದು ನೆನಪಿಸಿಕೊಳ್ಳಿ. ರೈಲ್ವೆ ಹಳಿಯ ಜಲ್ಲಿಯಲ್ಲಿ ಡೀಸೆಲ್, ಗ್ರೀಸು, ಹೇಳಬಾರದ್ದೂ ಇರುತ್ತದೆ. ಹಳಿಯಿಂದ ಕಲ್ಲು ಎತ್ತುವುದು ಹೇಗೂ ತಪ್ಪು. ರಸ್ತೆ ಬದಿಯದ್ದಕ್ಕೆ ಡಾಂಬರು ಅಂಟಿರುತ್ತದೆ. ಎಣ್ಣೆ ಕುಡಿದ ಕಲ್ಲನ್ನು ಸೋಪಿನಿಂದ ತೊಳೆಯುವ ಯೋಚನೆ ಬೇಡ. ಎಣ್ಣೆ ಪೂರ್ತಿ ಹೋಗುವುದಿಲ್ಲ, ಮೇಲಿಂದ ಸೋಪು ಸೇರುತ್ತದೆ.

ಎರಡು ಮೂರು ದಿನಕ್ಕೆ

ನೀರು ಮಸುಕಾದರೆ ಒಂದು ಲೋಟದಲ್ಲಿ ಹಿಡಿದು ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಮಣ್ಣು ಕೂತು ಮೇಲೆ ತಿಳಿಯಾಗಿದ್ದರೆ ಅದು ಕಲ್ಲಿನ ದೂಳು; ಫಿಲ್ಟರ್‌ಗೆ ಹತ್ತಿ ಹಾಕಿದರೆ ಹೋಗುತ್ತದೆ. ಲೋಟದ ನೀರು ಹಾಲಿನ ಛಾಯೆಯಲ್ಲೇ ಉಳಿದಿದ್ದರೆ ಬ್ಯಾಕ್ಟೀರಿಯಾ ಹೆಚ್ಚಿದೆ. ಹೊಳೆಕಲ್ಲಿನ ಪಾಚಿ ಸತ್ತು ಕೊಳೆಯುತ್ತಿದ್ದರೆ ಹೀಗಾಗುತ್ತದೆ, ಜೊತೆಗೆ ಅಮೋನಿಯಾವೂ ಏರುತ್ತದೆ. ಇನ್ನೊಂದು ಸಾಧ್ಯತೆ: ಹೊಸ ಕಲ್ಲು ಇಡುವ ನೆಪದಲ್ಲಿ ಹಳೆಯ ಕಲ್ಲು, ಫಿಲ್ಟರ್ ಸ್ಪಂಜು ಎಲ್ಲವನ್ನೂ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಫಳಫಳ ತೊಳೆದಿದ್ದರೆ, ತ್ಯಾಜ್ಯವನ್ನು ಅರಗಿಸುವ ಬ್ಯಾಕ್ಟೀರಿಯಾ ಸತ್ತುಹೋಗಿವೆ. ತಪ್ಪು ಹೊಸ ಕಲ್ಲಿನದಲ್ಲ.

ಸೀಗಡಿ ಮತ್ತು ಬಸವನಹುಳು ಮಾತ್ರ ಸತ್ತು, ಮೀನುಗಳು ಚೆನ್ನಾಗಿವೆ ಎಂದರೆ ತಾಮ್ರದ ಅನುಮಾನ. ಮಲೆನಾಡಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಡಿಕೆ, ಕಾಫಿ, ಕಾಳುಮೆಣಸಿನ ತೋಟಗಳಲ್ಲಿ ಮಳೆಗಾಲಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಶೇ. 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ವರ್ಷವರ್ಷವೂ ಮರದಿಂದ ತೊಟ್ಟಿಕ್ಕಿದ್ದು ಬುಡದ ಕಲ್ಲಿನ ಬಿರುಕುಗಳಲ್ಲಿ ಸೇರಿರುತ್ತದೆ, ಕೆಲವೊಮ್ಮೆ ತಿಳಿನೀಲಿ ಕಲೆಯಾಗಿ ಕಾಣುತ್ತದೆ. ತೋಟದ ಕೆಳಗಿನ ತೋಡಿನ ಕಲ್ಲಾದರೂ ಅಷ್ಟೇ. ಸೀಗಡಿ ಸಾಕುವವರು ತೋಟದ ಕಲ್ಲು ಬಿಟ್ಟುಬಿಡುವುದೇ ಲೇಸು. ಈಗಾಗಲೇ ಇಟ್ಟಾಗಿದ್ದರೆ ತೆಗೆದು, ಅರ್ಧ ನೀರು ಬದಲಿಸಿ, ಫಿಲ್ಟರ್‌ಗೆ ಹೊಸ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ, ಎರಡು ದಿನ ಬಿಟ್ಟು ಮತ್ತೆ ನೀರು ಬದಲಿಸಿ.

ಗಣಿಯ ಕಲ್ಲಿಗೆ ವಿನಾಯಿತಿ ಇಲ್ಲ. ಕೋಲಾರದ ಕೆಜಿಎಫ್, ರಾಯಚೂರಿನ ಹಟ್ಟಿ, ಚಿತ್ರದುರ್ಗದ ಇಂಗಳದಾಳ್‌ನಂಥ ಗಣಿ ಪ್ರದೇಶದ ರಾಶಿಗಳಿಂದ ಒಂದು ಹರಳನ್ನೂ ತರಬೇಡಿ. ಹೊಳೆಯುವ ಕಣ ಇದ್ದ ಮಾತ್ರಕ್ಕೆ ಕಲ್ಲು ಕೆಟ್ಟದ್ದು ಎಂದೇನಿಲ್ಲ. ನಮ್ಮ ಬಯಲುಸೀಮೆಯ ಕಲ್ಲುಗಳಲ್ಲಿ ಅಭ್ರಕ ಧಾರಾಳ. ಉಗುರಿನಿಂದ ಕೆದರಿದರೆ ತೆಳು ಹಾಳೆಯಾಗಿ ಏಳುತ್ತದೆ, ಅದರಿಂದ ಅಪಾಯವಿಲ್ಲ. ಹಿತ್ತಾಳೆ ಬಣ್ಣದಲ್ಲಿ ಮಿನುಗಿ, ಉಗುರಿಗೂ ಚಾಕುವಿಗೂ ಬಗ್ಗದ ಕಣವಾದರೆ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇರಬಹುದು. ಟೈಲ್ಸ್‌ನ ಹೊಳಪಿಲ್ಲದ ಹಿಂಬದಿಗೆ ಆ ಕಣವನ್ನು ಉಜ್ಜಿ ನೋಡಿ: ಹಸಿರು ಮಿಶ್ರಿತ ಕಪ್ಪು ಗೆರೆ ಬಿದ್ದರೆ ಅದೇ. ಪೈರೈಟ್ ನೀರು ಮತ್ತು ಆಮ್ಲಜನಕ ಸೇರಿದಾಗ ಗಂಧಕಾಮ್ಲ ಉಂಟುಮಾಡುತ್ತದೆ. ಕೆಎಚ್ ಕಡಿಮೆ ಇರುವ ಟ್ಯಾಂಕಿನಲ್ಲಿ ಪಿಎಚ್ ಕುಸಿಯುತ್ತದೆ, ಕಲ್ಲಿನ ಸುತ್ತ ತುಕ್ಕು ಬಣ್ಣ ಇಳಿಯುತ್ತದೆ. ಸಂಡೂರು ಕಡೆಯ ಕಬ್ಬಿಣದ ಅದಿರಿನ ಕಲ್ಲು ಅದೇ ಟೈಲ್ಸ್ ಮೇಲೆ ಕೆಂಗಂದು ಗೆರೆ ಎಳೆಯುತ್ತದೆ. ಅದು ಕೆಂಪು ದೂಳು ಬಿಟ್ಟರೂ ಆಮ್ಲ ಬಿಡುವುದಿಲ್ಲ. ಮುರಕಲ್ಲಿನ ಕೆಂಪೂ ಹಾಗೆಯೇ.

ವಾರಗಳಲ್ಲಿ ಗಡಸಾಗುವ ನೀರು

ಅತಿ ಹೆಚ್ಚು ಕಾಣುವ ದೋಷ ಇದು. ಮೆದು ನೀರಿನ ಮೀನುಗಳಲ್ಲಿ ಟೆಟ್ರಾ ಬಣ್ಣ ಕಳೆದುಕೊಳ್ಳುತ್ತದೆ, ಡಿಸ್ಕಸ್ ಮೂಲೆ ಹಿಡಿಯುತ್ತದೆ, ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಬಿಳಿ ಗೆರೆ ಮೂಡುತ್ತದೆ. ಅಳೆದು ನೋಡಿದರೆ ಪಿಎಚ್ 8ರ ಮೇಲೆ.

ಇಲ್ಲಿ ಪಿಎಚ್ ಒಂದನ್ನೇ ನಂಬಬೇಡಿ, ಕೆಎಚ್ ಮತ್ತು ಜಿಎಚ್ ಜೋಡಿಯನ್ನು ಓದಿ. ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿದ್ದರೆ ಕಲ್ಲಿನಿಂದ ಕಾರ್ಬೊನೇಟ್ ಕರಗುತ್ತಿದೆ. ಜಿಎಚ್ ಮಾತ್ರ ಏರಿ ಕೆಎಚ್ ಹಾಗೇ ಇದ್ದರೆ ಜಿಪ್ಸಂ ತರಹದ ಕಲ್ಲು. ಎರಡೂ ಏರದೆ ಟಿಡಿಎಸ್ ಮಾತ್ರ ಏರಿದ್ದರೆ ಉಪ್ಪು, ಗಿಡದ ಗೊಬ್ಬರ, ಹೆಚ್ಚಾದ ಆಹಾರ ಇವನ್ನು ನೋಡಿ. ಇನ್ನೊಂದು ಮೋಸ ಇದೆ: ಆವಿಯಾಗಿ ಇಳಿದ ನೀರಿನ ಜಾಗಕ್ಕೆ ಮತ್ತೆ ಮತ್ತೆ ಬೋರ್‌ವೆಲ್ ನೀರನ್ನೇ ಸುರಿಯುತ್ತಿದ್ದರೆ, ಕಲ್ಲೇ ಇಲ್ಲದ ಟ್ಯಾಂಕಿನಲ್ಲೂ ಜಿಎಚ್ ಏರುತ್ತದೆ. ಆವಿಯಾಗುವುದು ಬರೀ ನೀರು. ಲವಣ ಅಲ್ಲೇ ಉಳಿಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದೇ ಮುಖ್ಯ ಕಾರಣವಾಗಿರಬಹುದು.

ಎಷ್ಟು ಕಲ್ಲು ಕರಗಿತು ಎಂದು ಲೆಕ್ಕ ಹಾಕಬಹುದು. ಒಂದು ಡಿಗ್ರಿ ಕೆಎಚ್ ಎಂದರೆ ಲೀಟರಿಗೆ 17.9 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್. 60 ಲೀಟರ್ ಟ್ಯಾಂಕಿನಲ್ಲಿ ಕೆಎಚ್ 4ರಿಂದ 9ಕ್ಕೆ ಏರಿದರೆ ಕರಗಿದ್ದು ಸುಮಾರು 5.4 ಗ್ರಾಂ, ಒಂದು ಟೀ ಚಮಚದಷ್ಟು ಪುಡಿ. ಐದು ಕಿಲೋ ಕಲ್ಲಿನಲ್ಲಿ ಇಷ್ಟು ಕಡಿಮೆಯಾದದ್ದು ಕಣ್ಣಿಗೆ ಕಾಣುವುದೇ ಇಲ್ಲ. "ಕಲ್ಲು ಹಾಗೇ ಇದೆಯಲ್ಲ" ಎಂಬ ವಾದ ನಡೆಯದು.

ಯಾವ ಕಲ್ಲು ಎಂಬ ಪ್ರಶ್ನೆ ಈಗ ಬರುತ್ತದೆ. ಮನೆ ಕಟ್ಟಿ ಉಳಿದ ತುಂಡುಗಳಿಂದ ಗುಹೆ ಕಟ್ಟುವವರು ಹೆಚ್ಚು. ಶಹಾಬಾದ್ ಕಲ್ಲು ಸುಣ್ಣಕಲ್ಲೇ. ಅಡುಗೆಮನೆ ಕಟ್ಟೆಯ ಕಡಪಾ ಕಲ್ಲು ಕಪ್ಪಗಿರುವುದರಿಂದ ಗ್ರಾನೈಟ್ ಅಂದುಕೊಳ್ಳುತ್ತಾರೆ, ಅದೂ ಸುಣ್ಣಕಲ್ಲು. ಅಮೃತಶಿಲೆ, ಕಪ್ಪೆಚಿಪ್ಪು, ಹವಳದ ತುಂಡು ಎಲ್ಲ ಇದೇ ಜಾತಿ. ಪರೀಕ್ಷೆ ಸುಲಭ: ಕಬ್ಬಿಣದ ಮೊಳೆಯಿಂದ ಗೀಚಿದರೆ ಸುಣ್ಣಕಲ್ಲಿನ ಮೇಲೆ ಬಿಳಿ ಪುಡಿಯ ಗೆರೆ ಬೀಳುತ್ತದೆ. ಗ್ರಾನೈಟ್ ಅಥವಾ ಬೆಣಚುಕಲ್ಲಿನ ಮೇಲೆ ಮೊಳೆಯೇ ಸವೆದು ಬೂದುಗೆರೆ ಉಳಿಯುತ್ತದೆ. ಬೆಳಗಾವಿ, ವಿಜಯಪುರ ಕಡೆಯ ಕರಿಕಲ್ಲಿನ ವಿಷಯದಲ್ಲಿ ಎಚ್ಚರ ಬೇಕು. ಆ ಬಸಾಲ್ಟ್ ಕಲ್ಲು ಸ್ವತಃ ಒಳ್ಳೆಯದು, ಆದರೆ ಅದರ ಗುಳ್ಳೆಗುಣಿಗಳಲ್ಲಿ ತುಂಬಿಕೊಂಡ ಬಿಳಿ ಹರಳು ಕೆಲವೊಮ್ಮೆ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಖನಿಜ) ಆಗಿರುತ್ತದೆ. ಮುಂದೆ ಹೇಳುವ ಪರೀಕ್ಷೆಯ ಆಮ್ಲದ ಹನಿಯನ್ನು ಕರಿಯ ಭಾಗದ ಮೇಲಲ್ಲ, ಆ ಬಿಳಿ ಚುಕ್ಕೆಯ ಮೇಲೆ ಬಿಡಬೇಕು.

ಕಲ್ಲಿನ ಮೇಲೆ ಆಮ್ಲ ಬಿಟ್ಟು ನೊರೆ ನೋಡುವ ಹನಿ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ, ಸರಿಯಾಗಿ ಮಾಡುವವರು ಕಡಿಮೆ. ವಿನೆಗರ್‌ನಲ್ಲಿ ಆಮ್ಲ ಶೇ. 4–5 ಮಾತ್ರ, ಸುಣ್ಣಕಲ್ಲಿನ ಮೇಲೂ ಗುಳ್ಳೆ ಸಣ್ಣಗೆ, ನಿಧಾನವಾಗಿ ಏಳುತ್ತದೆ, ಭೂತಗನ್ನಡಿ ಇಲ್ಲದೆ ತಪ್ಪಿಹೋಗುತ್ತದೆ. ನೀರು ಬೆರೆಸಿ ಶೇ. 10ರಷ್ಟಕ್ಕೆ ಇಳಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಸ್ಪಷ್ಟ ಉತ್ತರ ಕೊಡುತ್ತದೆ. ಕೈಗವಸು, ಕನ್ನಡಕ ಹಾಕಿ, ಮನೆ ಹೊರಗೆ, ನೀರಿಗೆ ಆಮ್ಲ ಸುರಿಯಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಬ್ಲೀಚ್ ಹಚ್ಚಿದ ಕಲ್ಲಿನ ಮೇಲೆ ಆಮ್ಲ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಈ ಎರಡು ಬಾಟಲಿ ಒಂದೇ ದಿನ ತೆರೆಯದಿರುವುದು ಒಳ್ಳೆಯ ನಿಯಮ.

ಹನಿ ಹಾಕುವ ಮುಂಚೆ ಕಲ್ಲನ್ನು ನೀರಿನಲ್ಲಿ ನೆನೆಸಿ. ಒಣ ಕಲ್ಲಿನ ರಂಧ್ರದಿಂದ ಏಳುವ ಗಾಳಿಗುಳ್ಳೆಯನ್ನೇ ನೊರೆ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಸುತ್ತಿಗೆಯಿಂದ ಒಂದು ಅಂಚು ಒಡೆದು ಹೊಸ ಮುಖದ ಮೇಲೂ, ಹಳೆಯ ಮೇಲ್ಮೈ ಮೇಲೂ ಬೇರೆ ಬೇರೆಯಾಗಿ ಹಾಕಿ. ಮೇಲ್ಮೈಯಲ್ಲಿ ನೊರೆ ಬಂದು ಒಳಮುಖದಲ್ಲಿ ಬರದಿದ್ದರೆ, ಅದು ಹೊರಗೆ ಕಟ್ಟಿಕೊಂಡ ಸುಣ್ಣದ ಪದರ. ಬಯಲುಸೀಮೆಯ ಗ್ರಾನೈಟ್ ಬಿರುಕುಗಳಲ್ಲಿ ಇದು ಸಾಮಾನ್ಯ. ಪದರವನ್ನು ತಂತಿ ಬ್ರಷ್‌ನಿಂದ ತೆಗೆದು, ವಿನೆಗರ್‌ನಲ್ಲಿ ಗುಳ್ಳೆ ನಿಲ್ಲುವ ತನಕ ನೆನೆಸಿ, ಆಮೇಲೆ ಎರಡು ಮೂರು ಸಲ ನೀರು ಬದಲಿಸಿ ತೊಳೆದರೆ ಕಲ್ಲು ಬಳಸಬಹುದು. ಹೊರಗೆ ನೊರೆ ಇಲ್ಲದೆ ಒಳಗೆ ಬಂದರೆ ಕಲ್ಲೇ ಬೇಡ.

ನೊರೆ ಬರಲಿಲ್ಲ ಎಂದ ಮಾತ್ರಕ್ಕೆ ಪಾಸಾಯಿತು ಎಂದಲ್ಲ. ಡಾಲೊಮೈಟ್ (ಮೆಗ್ನೀಸಿಯಂ ಸೇರಿದ ಸುಣ್ಣಕಲ್ಲು) ಇಡೀ ಕಲ್ಲಾಗಿದ್ದಾಗ ಸುಮ್ಮನಿರುತ್ತದೆ, ಗೀಚಿ ಪುಡಿ ಮಾಡಿದ ಜಾಗಕ್ಕೆ ಹನಿ ಬಿಟ್ಟರೆ ಮಾತ್ರ ಗುಳ್ಳೆ. ಮೈಸೂರು ಸುತ್ತಮುತ್ತ ಸಿಗುವ ಬೆಳ್ಳನೆಯ ಮ್ಯಾಗ್ನಸೈಟ್ (ಮೆಗ್ನೀಸಿಯಂ ಕಾರ್ಬೊನೇಟ್) ತಣ್ಣನೆಯ ಆಮ್ಲಕ್ಕೆ ಬಹುತೇಕ ಜಗ್ಗುವುದೇ ಇಲ್ಲ. ಆದ್ದರಿಂದ ಕೊನೆಯ ತೀರ್ಪು ಬಕೆಟ್ ಪರೀಕ್ಷೆಯದು.

ಒಂದೇ ತರಹದ ಎರಡು ಬಕೆಟ್ ತೆಗೆದುಕೊಳ್ಳಿ. ಎರಡಕ್ಕೂ ಐದೈದು ಲೀಟರ್ ಆರ್‌ಓ ನೀರು. ಒಂದಕ್ಕೆ ಸುಮಾರು ಎರಡು ಕಿಲೋ ಕಲ್ಲು, ಇನ್ನೊಂದು ಖಾಲಿ. ಆವಿಯಾಗದಂತೆ ಎರಡನ್ನೂ ಮುಚ್ಚಿ. ಮೊದಲ ದಿನದ ಟಿಡಿಎಸ್ ಏರಿಕೆ ದೂಳಿನದು; ಆ ನೀರು ಚೆಲ್ಲಿ, ಹೊಸದಾಗಿ ತುಂಬಿ ಲೆಕ್ಕ ಶುರು ಮಾಡಿ. ಏಳನೇ ದಿನ ಕಲ್ಲಿನ ಬಕೆಟ್‌ನಲ್ಲಿ ಖಾಲಿ ಬಕೆಟ್‌ಗಿಂತ ಕೆಎಚ್ ಅಥವಾ ಜಿಎಚ್ ಒಂದು ಡಿಗ್ರಿ ಹೆಚ್ಚಾಗಿದ್ದರೆ ಮೆದು ನೀರಿನ ಮೀನಿಗೆ ಆ ಕಲ್ಲು ಬೇಡ. ಇದೇ ಪರೀಕ್ಷೆಯನ್ನು ಬೋರ್‌ವೆಲ್ ನೀರಿನಲ್ಲಿ ಮಾಡಿದರೆ ಎಂಥ ಸುಣ್ಣಕಲ್ಲೂ ಸಾಧುವಾಗಿ ಕಾಣುತ್ತದೆ, ಏಕೆಂದರೆ ಮೊದಲೇ ಗಡಸಾಗಿರುವ ನೀರಿನಲ್ಲಿ ಇನ್ನಷ್ಟು ಕರಗಲು ಜಾಗ ಇರುವುದಿಲ್ಲ. ಗಿಡಗಳಿಗಾಗಿ ಸಿಲಿಂಡರ್‌ನಿಂದ ಇಂಗಾಲದ ಡೈಆಕ್ಸೈಡ್ ಬಿಡುವ ಟ್ಯಾಂಕಿನಲ್ಲಿ ಕರಗುವ ವೇಗ ಬಕೆಟ್‌ಗಿಂತ ಬಹಳ ಹೆಚ್ಚು. ಅಂಥವರು ಅರ್ಧ ಡಿಗ್ರಿ ಏರಿಕೆಯನ್ನೂ ಬಿಡಬಾರದು.

ಪರಿಹಾರಕ್ಕೆ ಬಂದರೆ, ಪಿಎಚ್ ಇಳಿಸುವ ಬಾಟಲಿ ಕೊಳ್ಳಬೇಡಿ. ಹಾಕಿದ ಆಮ್ಲವನ್ನು ಸುಣ್ಣಕಲ್ಲು ತಿಂದು ಒಂದೆರಡು ದಿನದಲ್ಲಿ ಪಿಎಚ್ ಮತ್ತೆ ಮೇಲೆ ಬರುತ್ತದೆ, ಈ ಹಗ್ಗಜಗ್ಗಾಟದಲ್ಲಿ ಸೋಲುವುದು ಮೀನು. ಕಲ್ಲು ತೆಗೆಯಿರಿ, ಎರಡು ಮೂರು ದಿನಕ್ಕೊಮ್ಮೆ ಕಾಲುಭಾಗ ನೀರನ್ನು ಆರ್‌ಓ ಬೆರೆಸಿದ ನೀರಿನಿಂದ ಬದಲಿಸುತ್ತಾ ಹೋಗಿ. ಸಿಮೆಂಟಿನ ಪ್ರಕರಣದಲ್ಲಿ ಮಾಡಿದಂತೆ ಇಲ್ಲಿ ಒಮ್ಮೆಗೇ ಅರ್ಧ ಬದಲಿಸಬಾರದು. ವಾರಗಟ್ಟಲೆ ಗಡಸಿಗೆ ಒಗ್ಗಿದ ಮೀನಿಗೆ ದಿಢೀರ್ ಮೆದು ನೀರೂ ಪೆಟ್ಟೇ. ಇನ್ನು ನಿಮ್ಮ ಟ್ಯಾಂಕಿನಲ್ಲಿರುವುದು ಮೋಲಿ, ಗಪ್ಪಿ ಅಥವಾ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನು ಆದರೆ ಇದು ದೋಷವೇ ಅಲ್ಲ. ಮಲಾವಿ ಮೀನುಗಳಿಗೆ ಪಿಎಚ್ 7.8ರಿಂದ 8.6 ಬೇಕು, ಅವಕ್ಕೆ ಶಹಾಬಾದ್ ಕಲ್ಲೇ ಅಗ್ಗದ ಔಷಧ.

ಜೀವಿಗಳು, ವಾಸನೆ, ಪಾಚಿ

ಕಲ್ಲಿನ ಜೊತೆ ಬರುವ ಜಿಗಣೆ, ಬಸವನಹುಳು, ಹೈಡ್ರಾಗಳಿಗೆ ಬ್ರಷ್ ಮತ್ತು ಬಿಸಿಲು ಸಾಕು. ಗಟ್ಟಿಯಾಗಿ ತಿಕ್ಕಿ, ಕುದಿನೀರನ್ನು ಮೇಲಿಂದ ಸುರಿದು, ಎರಡು ವಾರ ತಾರಸಿಯ ಬಿಸಿಲಿನಲ್ಲಿ ಒಣಗಿಸಿ, ನಡುವೆ ಮಗುಚಿ ಹಾಕಿ. ಮಳೆಗಾಲದಲ್ಲಿ ತಂದ ಕಲ್ಲು ಬೇಸಿಗೆಗೆ ಕಾಯಲಿ. ಒಲೆಯ ಮೇಲೆ ಕಲ್ಲು ಬೇಯಿಸುವ ಅಗತ್ಯವಿಲ್ಲ. ಕುಕ್ಕರ್, ಓವನ್, ಬೆಂಕಿಯಂತೂ ಕೂಡದೇ ಕೂಡದು. ಬಿರುಕಿನೊಳಗೆ ಸಿಕ್ಕಿಬಿದ್ದ ನೀರು ಹಬೆಯಾಗಿ ಹಿಗ್ಗಿದಾಗ ಕಲ್ಲು ಸಿಡಿಯುತ್ತದೆ.

ಹೊಸ ಕಲ್ಲಿನ ಮೇಲೆ ಕಂದು ಪೊರೆ ಬಂದರೆ ಅದು ಡಯಾಟಂ ಎಂಬ ಸೂಕ್ಷ್ಮ ಪಾಚಿ, ಬೆರಳಿನಿಂದ ಒರೆಸಿದರೆ ಹೋಗುತ್ತದೆ, ಟ್ಯಾಂಕ್ ಹಳತಾದಂತೆ ತಾನೇ ಕಡಿಮೆಯಾಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಲ್ಲಿನ ಅಡಿಯ ಮರಳು ಕಪ್ಪಾಗಿದೆ ಎಂದರ್ಥ: ಅಗಲ ತಳದ ಕಲ್ಲನ್ನು ದಪ್ಪ ಮರಳಿನ ಮೇಲಿಟ್ಟಾಗ ಕೆಳಗೆ ಆಮ್ಲಜನಕ ತಲುಪದೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೀನು ಇರುವಾಗ ಕಲ್ಲನ್ನು ದಡಕ್ಕನೆ ಎತ್ತಬೇಡಿ. ಏರ್ ಪಂಪ್ ಜೋರು ಮಾಡಿ, ಕಲ್ಲಿನ ಬುಡಕ್ಕೆ ಸೈಫನ್ ಕೊಳವೆ ಹಿಡಿದುಕೊಂಡೇ ಒಂದು ಬದಿಯಿಂದ ಮೆಲ್ಲಗೆ ಸರಿಸಿ.

ಮೀನಿನ ಮೈಮೇಲೆ ಗೀರು, ತಳದಲ್ಲಿ ಓಡಾಡುವ ಕೋರಿ ಮೀನುಗಳ ಮೀಸೆ ಸವೆದಿರುವುದು, ಉಬ್ಬುಗಣ್ಣಿನ ಗೋಲ್ಡ್‌ಫಿಶ್‌ಗೆ ಒಂದು ಕಣ್ಣು ಮಸುಕು: ಇವು ಮುರಿದ ಅಂಚಿನ ಕಲ್ಲಿನ ಗುರುತು. ಹಳೆಯ ನೈಲಾನ್ ಕಾಲುಚೀಲವನ್ನು ಕಲ್ಲಿನ ಮೇಲೆ ಎಳೆದು ನೋಡಿ. ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಉಜ್ಜಬೇಕು. ಯಾವ ಕಲ್ಲನ್ನೂ ಒಣಗಿದ್ದಾಗ ಉಜ್ಜಬೇಡಿ, ಅದರ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಉಗುರಿಗೇ ಪುಡಿಯಾಗುವ ಕಲ್ಲು ಟ್ಯಾಂಕಿಗೂ ಬೇಡ.

ಕಲ್ಲು ಉರುಳಿದರೆ, ಗಾಜು ಸೀಳಿದರೆ

ತಳದ ಗಾಜು ಒಡೆಯುವುದು ಭಾರಕ್ಕಿಂತ ಮೊನೆಗೆ. ಗ್ರಾನೈಟ್ ನೀರಿಗಿಂತ ಸುಮಾರು 2.7 ಪಟ್ಟು ಭಾರ. 10 ಕಿಲೋ ಕಲ್ಲು ನೀರಿನೊಳಗೆ 6.3 ಕಿಲೋದಷ್ಟು ಒತ್ತುತ್ತದೆ. ಆ ತೂಕ ಅಂಗೈಯಗಲ ಹರಡಿದರೆ ಏನೂ ಆಗದು. ಒಂದು ಚೂಪು ಮೊನೆಯ ಮೇಲೆ, ಅದರಡಿ ಒಂದು ಮರಳಿನ ಹರಳು ಸಿಕ್ಕಿಕೊಂಡು ನಿಂತರೆ ಗಾಜಿಗೆ ಕಷ್ಟ.

ಮರಳು ಹಾಕಿ ಅದರ ಮೇಲೆ ಕಲ್ಲಿಡುವುದು ತಪ್ಪು ಕ್ರಮ. ಸಿಕ್ಲಿಡ್ ಒಂದು ರಾತ್ರಿಯಲ್ಲಿ ಬುಡದ ಮರಳನ್ನು ತೋಡಿ ಹಾಕುತ್ತದೆ, ಕಲ್ಲು ಪಕ್ಕದ ಗಾಜಿಗೆ ಒರಗುತ್ತದೆ. ಖಾಲಿ ಟ್ಯಾಂಕಿನ ತಳಕ್ಕೆ ಪ್ಲಾಸ್ಟಿಕ್ ಲೈಟ್ ಡಿಫ್ಯೂಸರ್ ಜಾಲರಿ ಅಥವಾ 3 ಮಿ.ಮೀ. ಅಕ್ರಿಲಿಕ್ ಹಾಳೆ ಹಾಸಿ, ಕಲ್ಲಿನ ಚಪ್ಪಟೆ ಮುಖ ಕೆಳಗೆ ಬರುವಂತೆ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಿರಿ. ಪಕ್ಕದ ಗಾಜಿನಿಂದ ಕನಿಷ್ಠ 5 ಸೆಂ.ಮೀ. ದೂರವಿರಲಿ; ಪಾಚಿ ಉಜ್ಜುವ ಮ್ಯಾಗ್ನೆಟ್ ತೂರಲೂ ಜಾಗ ಬೇಕು. ಒಂದರ ಮೇಲೊಂದು ಪೇರಿಸಿದರೆ ಬೆರಳಿನಿಂದ ನೂಕಿ ನೋಡಿ. ಅಲುಗಿದರೆ ಶಿಲೀಂಧ್ರನಾಶಕ ಬೆರೆಸದ, ಪೂರ್ತಿ ಸಿಲಿಕೋನ್‌ನಿಂದ ಅಂಟಿಸಿ, ನೀರು ತುಂಬುವ ಮುಂಚೆ 48 ಗಂಟೆ ಒಣಗಲು ಬಿಡಿ. ಸಣ್ಣ ತುಂಡುಗಳಿಗೆ ಹತ್ತಿಯ ಎಳೆ ಇಟ್ಟು ಮೇಲೆ ಫೆವಿಕ್ವಿಕ್ ಹನಿಸಿದರೂ ಗಟ್ಟಿಯಾಗಿ ಹಿಡಿಯುತ್ತದೆ. ಹತ್ತಿ ತಾಗಿದೊಡನೆ ಬಿಸಿಯಾಗಿ ಹೊಗೆ ಏಳುವುದರಿಂದ ಮುಖ ದೂರವಿರಲಿ.

ಪ್ಲೆಕೋದಂಥ ಮೀನು ಕಲ್ಲಿನ ತೂತಿಗೆ ತಲೆ ತೂರಿಸಿ ಸಿಕ್ಕಿಕೊಂಡರೆ ಬಾಲ ಹಿಡಿದು ಎಳೆಯಬೇಡಿ, ಅದರ ರೆಕ್ಕೆಯ ಮುಳ್ಳು ಹಿಂದಕ್ಕೆ ಎಳೆದಷ್ಟೂ ಬಿಚ್ಚಿ ಕಚ್ಚಿಕೊಳ್ಳುತ್ತದೆ. ಕಲ್ಲನ್ನು ನೀರು ತುಂಬಿದ ಬಕೆಟ್‌ಗೆ ಮೀನಿನ ಸಮೇತ ವರ್ಗಾಯಿಸಿ, ಮುಳುಗಿಸಿಟ್ಟೇ ತೂತಿನ ಅಂಚನ್ನು ಇಕ್ಕಳದಿಂದ ಚೂರುಚೂರೇ ಮುರಿಯಿರಿ.

ಬದಲಿ ಕಲ್ಲು ಹುಡುಕಲು ಹೊರಟವರಿಗೆ: ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹಂಪಿ-ಬಾದಾಮಿಯ ಸಂರಕ್ಷಿತ ಸ್ಮಾರಕಗಳ ಆವರಣ, ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದಿಂದ ಕಲ್ಲು ಎತ್ತಬಾರದು. ಸ್ವಂತ ಜಮೀನಿನ ಕಲ್ಲು, ಅಥವಾ ಗ್ರಾನೈಟ್ ಕತ್ತರಿಸುವವರ ಹತ್ತಿರ ಬಿದ್ದಿರುವ, ಪಾಲಿಶ್ ಮಾಡದ ಒರಟು ತುಂಡುಗಳು ಸಾಕಷ್ಟು ಸಿಗುತ್ತವೆ. ಆ ತುಂಡುಗಳಿಗೆ ಯಂತ್ರದ ಗ್ರೀಸು ತಾಗಿದೆಯೇ ನೋಡಿಕೊಳ್ಳಿ: ಬಿಸಿನೀರು ಸುರಿದಾಗ ಹನಿಗಳು ಹರಡದೆ ಮುತ್ತಿನಂತೆ ಉರುಳಿದರೆ ಆ ತುಂಡನ್ನು ಅಲ್ಲೇ ಬಿಟ್ಟು ಬನ್ನಿ.